ತೂಗಿ ತಂದ ಮಂಡಾಳ

ಚೀಲಗಳು ಎಷ್ಟಿದ್ದವು ಎಂಬುದರಲ್ಲೇ ನಮ್ಮ ಮೂವರಿಗೆ ಒಮ್ಮತವಿಲ್ಲ. ನನ್ನ ಕಣ್ಣಮುಂದೆ ಈಗಲೂ ಒಂಬತ್ತು ನಿಂತಿವೆ, ಕೋಣೆಯ ಎರಡು ಗೋಡೆಗಳಿಗೆ ಒರಗಿಕೊಂಡು, ಮೇಲಿನ ತಗಡಿಗೆ ತಲೆ ತಾಗಿಸುವಷ್ಟು ಎತ್ತರ. ಜೊತೆಗಿದ್ದ ಮರಳಿ ಊರಿನ ಗೆಳೆಯನನ್ನು ಕೇಳಿದರೆ ಮೂರೋ ನಾಲ್ಕೋ ಇರಬೇಕು, ನೀನು ಮೊದಲಿನಿಂದಲೂ ಒಂದಕ್ಕೆರಡು ಮಾಡುವವನೇ ಎನ್ನುತ್ತಾನೆ. ಅವನ್ನು ತಂದವನು ಐದು ಎನ್ನುತ್ತಾನೆ. ತಂದವನ ಮಾತನ್ನೇ ನಂಬಿದರಾಯಿತಲ್ಲ ಎಂದು ನೀವು ಹೇಳಬಹುದು. ಆದರೆ ಆ ಲೆಕ್ಕ ಸರಿಯಿದ್ದರೆ ಲಾಭ ಅವನಿಗೇ. ಅಂಥವರ ನೆನಪನ್ನು ಮೊದಲು ಅನುಮಾನಿಸಬೇಕು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿದೆ. ನಾನು ಅಲ್ಲಿ ಇತಿಹಾಸ ಓದಿದೆ. ಕೆಲಸಕ್ಕಿಂತ ಮೊದಲು ಅಲ್ಲಿಂದ ಸಿಕ್ಕಿದ್ದು ಒಂದು ಚಾಳಿ: ಯಾರು ಏನು ಹೇಳಿದರೂ ಇದಕ್ಕೆ ಆಧಾರ ಏನು ಎಂದು ಕೇಳುವುದು. ಮನೆಯಲ್ಲಿ ಇದರಿಂದ ಸಾಕಷ್ಟು ಬೈಸಿಕೊಂಡಿದ್ದೇನೆ. ಈಗ ಅದೇ ಪ್ರಶ್ನೆ ನನ್ನ ಕಡೆಗೇ ತಿರುಗಿದೆ.

ಕೋಣೆ ಇದ್ದದ್ದಂತೂ ಖರೆ. ಕೊಪ್ಪಳದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮನೆಯ ಮಾಳಿಗೆಯ ಮೇಲೆ ಕಟ್ಟಿದ ತಗಡಿನ ಕೋಣೆ. ಬೇಸಿಗೆಯಲ್ಲಿ ಒಳಗೆ ಕೂಡಲಾಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಸೀಟು ಸಿಗದ ನಾವಿಬ್ಬರು ಅಲ್ಲಿದ್ದೆವು. ನಾನು ಕುಷ್ಟಗಿ ಕಡೆಯ ಹಳ್ಳಿಯವನು, ಬಿ.ಎ. ಓದುತ್ತಿದ್ದೆ. ಅವನು ಗಂಗಾವತಿ ಹತ್ತಿರದ ಮರಳಿಯವನು, ಬಿ.ಕಾಂ. ನಮ್ಮ ಮನೆಯದು ಕಪ್ಪುಮಣ್ಣಿನ ಎರಿಹೊಲ, ಬಿಳಿಜೋಳ. ಅವರದು ಕಾಲುವೆ ನೀರಿನ ಗದ್ದೆ, ಭತ್ತ. ಇಬ್ಬರ ಮನೆಯಲ್ಲೂ ಕೈಗೆ ಕೊಡಲು ರೊಕ್ಕ ಕಡಿಮೆ, ಕಾಳಿಗೆ ಕೊರತೆ ಇರಲಿಲ್ಲ. ಹಾಗಾಗಿ ವರ್ಷಕ್ಕೆರಡು ಸಲ ಅವನು ಅರ್ಧ ಕ್ವಿಂಟಲ್ ಅಕ್ಕಿ ತರುತ್ತಿದ್ದ, ನಾನು ಅರ್ಧ ಕ್ವಿಂಟಲ್ ಜೋಳ. ಜೋಳವನ್ನು ಗಿರಣಿಗೆ ಹಾಕಿಸಿ ಹಿಟ್ಟು ಕೊಟ್ಟರೆ ಕೆಳಗಿನ ಮನೆಯ ಮಾಲಕರ ಹೆಂಡತಿ ರೊಟ್ಟಿ ಬಡಿದು ಕೊಡುತ್ತಿದ್ದರು. ಅವರನ್ನು ನಾವು ಅಕ್ಕಾರು ಎನ್ನುತ್ತಿದ್ದೆವು. ಕೂಲಿಯನ್ನೂ ಅವರು ಹಿಟ್ಟಿನಲ್ಲೇ ಹಿಡಿದುಕೊಳ್ಳುತ್ತಿದ್ದರು, ಯಾವತ್ತೂ ತುಸು ಕಡಿಮೆಯೇ.

ಉಳಿದದ್ದೆಲ್ಲ ಸಂತೆಯ ಜಾಣತನ. ಮುಂಜಾನೆ ಹೋಗುವವರು ಸಂಬಳದವರು. ನಾವು ಹೋಗುತ್ತಿದ್ದುದು ಗೋಣಿತಟ್ಟು ಮಡಚುವ ಹೊತ್ತಿಗೆ. ಆಗ ಟೊಮೆಟೊ ಗುಂಪಿಯ ಲೆಕ್ಕದಲ್ಲಿ ಸಿಗುತ್ತಿತ್ತು, ಒಂದು ಕಡೆ ಮೆತ್ತಗಾದದ್ದನ್ನು ಕೊಯ್ದು ಬಿಸಾಕಿದರೆ ಮತ್ತೊಂದು ಕಡೆ ಛಲೋ ಇರುತ್ತಿತ್ತು. ಪುಂಡಿಸೊಪ್ಪು ಎರಡು ಸೂಡು ತೆಗೆದುಕೊಂಡರೆ ಮೂರನೆಯದನ್ನು ಅವರೇ ಹಾಕುತ್ತಿದ್ದರು, ಮರುದಿನಕ್ಕೆ ಅದು ಹೇಗೂ ಉಳಿಯುವುದಲ್ಲ. ನಮ್ಮವ್ವ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಪಲ್ಯ ಇಲ್ಲದ ದಿನಗಳನ್ನು ದಾಟಿಸುತ್ತಿತ್ತು. ರೊಟ್ಟಿ ಮುಂದಿಟ್ಟಾಗಲೆಲ್ಲ ಮರಳಿಯವನು ಇದನ್ನು ತಿನ್ನಲು ಹಲ್ಲು ಬೇಕೋ ಗಿರಣಿ ಬೇಕೋ ಎನ್ನುತ್ತಿದ್ದ. ಅವನ ಅನ್ನ ಉಂಡು ಕಾಲೇಜಿನ ಗೇಟು ದಾಟುವಷ್ಟರಲ್ಲಿ ಮತ್ತೆ ಹಸಿವಾಗುತ್ತದೆ ಎಂದು ನಾನು. ಈ ಜಗಳ ಎರಡು ವರ್ಷ ನಡೆಯಿತು, ಇಬ್ಬರೂ ಎರಡನ್ನೂ ಉಂಡೆವು.

ಕೊನೆಯ ವರ್ಷಕ್ಕೆ ಮೂರನೆಯವನು ಬಂದ. ಗಂಗಾವತಿಯ ಊರೊಳಗಿನವನು, ಬಿ.ಎಸ್ಸಿ. ಅವರದು ಮಂಡಕ್ಕಿ ಭಟ್ಟಿ. ನಮ್ಮ ಕಡೆ ಮಂಡಕ್ಕಿಗೆ ಮಂಡಾಳ ಎನ್ನುತ್ತೇವೆ. ಅವನ ಅಬ್ಬಾ, ಅಮ್ಮಿ, ಅಣ್ಣ ಸೇರಿ ಕಾದ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುತ್ತಿದ್ದರು. ಮೊದಲೆರಡು ವರ್ಷ ಅವನು ದಿನಾ ಬಸ್ಸಿನಲ್ಲಿ ಬಂದು ಹೋಗಿ ಮಾಡಿದ್ದ. ಬೆಳಕು ಹರಿಯುವ ಮೊದಲು ಭಟ್ಟಿಗೆ ಬೆಂಕಿ ಹಾಕಿ, ಆಮೇಲೆ ಬಸ್ಸು ಹಿಡಿದು ಕಾಲೇಜು. ಅಂಗಿಯಿಂದ ಹೊಗೆಯ ವಾಸನೆ ಹೋಗುತ್ತಲೇ ಇರಲಿಲ್ಲ. ಕೊನೆಯ ವರ್ಷ ಪ್ರಾಕ್ಟಿಕಲ್ ಸಂಜೆಯ ತನಕ ನಡೆಯತೊಡಗಿದಾಗ ಎರಡೂ ಕೂಡಿ ಆಗದಾಯಿತು. ಅವನ ಅಬ್ಬಾ ಕಲ್ಲು ಮನಸ್ಸಿನವರಲ್ಲ. ಅಲ್ಲೇ ಇದ್ದು ಪರೀಕ್ಷೆ ಮುಗಿಸು ಎಂದರು. ಬಾಡಿಗೆಗೆ ಹೇಗೂ ಸ್ಕಾಲರ್‌ಶಿಪ್ ಇದೆ. ಆದರೆ ಊಟಕ್ಕೆಂದು ಮನೆಯಿಂದ ರೊಕ್ಕ ಕೇಳಬಾರದು, ಕೇಳಿದ ದಿನವೇ ಹಾಸಿಗೆ ಸುತ್ತಿಕೊಂಡು ಭಟ್ಟಿಗೆ ಬರಬೇಕು. ಅಣ್ಣ ಒಬ್ಬನ ಕೈಯಲ್ಲಿ ಅದು ಸಾಗುತ್ತಿರಲಿಲ್ಲ. ಇದನ್ನು ಅವನೇ ಬಂದ ದಿನ ನಮಗೆ ಹೇಳಿದ, ನಗುತ್ತ, ಬಸ್ಸಿನ ಟೈಮು ಹೇಳುವ ಹಾಗೆ.

ಮೂವರಿಗೆ ಅನ್ನ ಹಾಕುವುದು ಇಬ್ಬರಿಗೆ ಹಾಕುವುದಕ್ಕಿಂತ ದೊಡ್ಡ ಮಾತೇನಲ್ಲ ಎಂದು ನಾವಂದುಕೊಂಡಿದ್ದೆವು. ಅವನು ಮಾತ್ರ ಊಟದ ಹೊತ್ತಿಗೆ ಹೊರಗೆ ಹೋಗುತ್ತಿದ್ದ. ಬಂದಮೇಲೆ ಕೇಳಿದರೆ ಉಂಡು ಬಂದೆ ಎನ್ನುತ್ತಿದ್ದ. ಬಸ್ ಸ್ಟ್ಯಾಂಡ್ ಕಡೆ ವಗ್ಗರಣಿ ಮಿರ್ಚಿ ತಿಂದೆ ಎಂದು ಒಮ್ಮೆ, ಮತ್ತೊಮ್ಮೆ ಯಾರೋ ಗೆಳೆಯನ ಮನೆ ಎಂದು. ಮರಳಿಯವನಿಗೆ ಅನುಮಾನ ಬಂತು. ಅದು ಬಂದದ್ದು ನನಗಲ್ಲ, ಅವನಿಗೆ. ಅನುಮಾನವನ್ನೇ ವಿದ್ಯೆ ಮಾಡಿಕೊಂಡವನು ನಾನು, ನೀರಿನ ಕೊಡ ಇಷ್ಟು ಬೇಗ ಯಾಕೆ ಬರಿದಾಗುತ್ತಿದೆ ಎಂದು ಕೇಳಿದವನು ಅವನು. ನಮ್ಮ ಹೊಸಬ ನೀರು ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ.

ಒಂದು ಸಂಜೆ ತಾಟು ಮುಂದಿಟ್ಟು ಕೈಹಿಡಿದು ಕೂಡಿಸಿದೆವು. ಅವನು ತಾಟನ್ನು ಮುಟ್ಟಲಿಲ್ಲ.

"ಅಕ್ಕಿ ಅವಂದು. ಜ್ವಾಳ ನಿಂದು. ನಂದೇನೈತಿ ಇಲ್ಲೆ? ಬರೇ ಬಾಯಿ ತಗೊಂಡು ಕುಂದ್ರಲೇನು? ಸೋಮವಾರ ಹೊಂಟಬಿಡ್ತೀನಿ. ಓದಿದ್ದು ಸಾಕು."

ಹೇಳಿದ್ದು ಮೆತ್ತಗೆ. ಆದರೆ ಹಾಸಿಗೆ ಆಗಲೇ ಸುತ್ತಿಟ್ಟಿತ್ತು ಎಂದು ನನ್ನ ನೆನಪು. ಹೊರಡಲೆಂದು ಸುತ್ತಿದ್ದಲ್ಲ, ನಾನು ಯಾವತ್ತೂ ಹಾಸಿಗೆ ಸುತ್ತಿಯೇ ಇಡುತ್ತಿದ್ದೆ, ನೀವಿಬ್ಬರು ಸುತ್ತುತ್ತಿರಲಿಲ್ಲ ಎಂದು ಅವನು ಈಗ ಹೇಳುತ್ತಾನೆ. ಇರಬಹುದು.

ಆಮೇಲಿನ ಮಾತು ಯಾರ ಬಾಯಿಂದ ಬಂತು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೊಳೆದದ್ದು ನನಗೇ ಎಂದು ಬಹಳ ವರ್ಷ ನಂಬಿದ್ದೆ. ಮರಳಿಯವನು ಅದು ತನ್ನ ತಲೆಯದೆಂದು ಆಣೆ ಮಾಡುತ್ತಾನೆ. ಮೂರನೆಯವನು ಇಬ್ಬರನ್ನೂ ಒಪ್ಪುವುದಿಲ್ಲ, ಆ ಹೊತ್ತಿಗೆ ತಾನೇ ನಿಶ್ಚಯಿಸಿಕೊಂಡಿದ್ದೆ ಎನ್ನುತ್ತಾನೆ. ಮಾತುಗಳು ಮಾತ್ರ ಮೂವರಲ್ಲೂ ಹೆಚ್ಚು ಕಡಿಮೆ ಒಂದೇ ಇವೆ.

"ಹಂಗಾದ್ರ ನಿಮ್ಮ ಭಟ್ಟಿ ಮಂಡಾಳ ತಾ."

"ಎಷ್ಟು ತರ್ಲಿ?"

"ನಾವು ಎಷ್ಟು ತಂದೀವಿ, ಅಷ್ಟು."

"ತೂಕಾ ಹಾಕಿ?"

"ತೂಕಾ ಹಾಕಿ. ಮತ್ತ ಹ್ಯಾಂಗ?"

ಅವನು ತಾಟು ಹತ್ತಿರ ಎಳೆದುಕೊಂಡ. ಆ ದಿನ ಅವನು ಎಷ್ಟು ರೊಟ್ಟಿ ತಿಂದ ಎಂಬುದರ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ, ಬಿಟ್ಟುಬಿಡೋಣ.

ನಾವು ಮಾಡಿದ ತಪ್ಪು ಎಂಥದ್ದು ಎಂದು ಆ ಸೀಮೆಯ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಮಂಡಾಳವನ್ನು ಯಾರೂ ತೂಗುವುದಿಲ್ಲ. ಸೇರಿನಲ್ಲಿ ಅಳೆಯುತ್ತಾರೆ, ಮೇಲೆ ಗೋಪುರ ಏರಿಸಿ, ಕೆಳಗೆ ಚೆಲ್ಲಿದ್ದನ್ನೂ ಬಳಿದು ಹಾಕಿ. ಆದರೆ ನನಗೆ ಕಾಳೆಂದರೆ ಜೋಳ, ಮರಳಿಯವನಿಗೆ ಅಕ್ಕಿ, ಅದೂ ಗಿರಣಿಯ ತೂಕದ ಕಾಟಾದ ಮೇಲೆ. ಇಬ್ಬರಿಗೂ ಧಾನ್ಯ ಅಂದರೆ ಕ್ವಿಂಟಲ್ಲು. ಗೊತ್ತಿರಬೇಕಾದವನು ಅವನೊಬ್ಬ. ಅವನಿಗೆ ಆ ಕ್ಷಣ ಬೇಕಾಗಿದ್ದದ್ದು ನಮಗೆ ಸರಿಸಮ ನಿಲ್ಲುವುದು. ಅರ್ಧ ಕ್ವಿಂಟಲ್ ಅಂದರೆ ಅರ್ಧ ಕ್ವಿಂಟಲ್.

ಶನಿವಾರ ಊರಿಗೆ ಹೋದವನು ಭಾನುವಾರ ಸಂಜೆ ಬಂದ. ಬಸ್ಸಿನ ಮೇಲಿಂದ ಚೀಲಗಳು ಇಳಿಯತೊಡಗಿದವು. ಒಂದೊಂದೂ ಎರಡು ಅಕ್ಕಿಚೀಲಗಳನ್ನು ಬಿಚ್ಚಿ ಜೋಡಿಸಿ ಹೊಲಿದದ್ದು, ಒಬ್ಬ ಆಳು ಒಳಗೆ ನಿಂತಂತೆ ಕಾಣುತ್ತಿತ್ತು. ಹೆಗಲ ಮೇಲಿಟ್ಟರೆ ಭಾರವೇ ಇಲ್ಲ, ಗಾಳಿ ಬೀಸಿದರೆ ಹೊತ್ತವನನ್ನೇ ತಿರುಗಿಸುತ್ತಿತ್ತು. ಕಂಡಕ್ಟರ್ ಇವಕ್ಕೆ ಲಗೇಜು ಹಾಕಬೇಕೋ ಸೀಟಿನ ಟಿಕೆಟು ಕೊಡಬೇಕೋ ಎಂದು ಕೇಳಿದನಂತೆ. ಇದನ್ನು ನಾನು ಕೇಳಿಲ್ಲ, ಅವನು ಹೇಳಿದ್ದು. ಆದರೆ ಎಷ್ಟು ಸಲ ಹೇಳಿದ್ದಾನೆಂದರೆ ಕಂಡಕ್ಟರನ ಮುಖವೂ ನನಗೆ ನೆನಪಿದೆ. ನೆನಪು ಹೀಗೇ ಕೆಡುವುದು.

ಮಾಳಿಗೆಯ ಮೆಟ್ಟಿಲು ಇಕ್ಕಟ್ಟಾದದ್ದು. ಮೊದಲ ಚೀಲ ಅರ್ಧಕ್ಕೆ ಸಿಕ್ಕಿಕೊಂಡಿತು. ಮೇಲಿಂದ ಒಬ್ಬ ಎಳೆದ, ಕೆಳಗಿಂದ ಇಬ್ಬರು ತಳ್ಳಿದೆವು. ಒಳಗಿನಿಂದ ಜರಜರ ಸದ್ದು. ಅಕ್ಕಾರು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಯಾವೂರ ಸಂತಿ ಹಚ್ಚೀರಿ ತಮ್ಮಾ ಮ್ಯಾಲೆ? ನೀವು ಮಲಗೋದೆಲ್ಲಿ, ಚೀಲದಾಗೇನು?"

ಮಲಗಿದ್ದು ಚೀಲದ ಪಕ್ಕದಲ್ಲಿ. ಯಾರಾದರೂ ಮಗ್ಗುಲಾದರೆ ಮಂಡಾಳ ಮಾತಾಡುತ್ತಿತ್ತು. ನಾವು ಹೊರಗೆ ಮಾಳಿಗೆಯ ಮೇಲೆ ಮಲಗಿದೆವು, ಕೋಣೆಯಲ್ಲಿ ಕಾಲಿಡಲು ಜಾಗವೇ ಇರಲಿಲ್ಲ ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಅದು ಬೇಸಿಗೆಯ ನೆನಪು ಇದರೊಳಗೆ ಬಂದು ಸೇರಿಕೊಂಡದ್ದಿರಬಹುದು.

ಮರುದಿನದಿಂದ ಒಲೆ ಅವನ ಕೈಗೆ ಹೋಯಿತು. ಮಂಡಾಳವನ್ನು ನೀರಿಗೆ ಹಾಕಿ, ಮುಳುಗಿತು ಅನ್ನುವಷ್ಟರಲ್ಲಿ ಎತ್ತಿ, ಅಂಗೈಯಲ್ಲಿ ಹಿಂಡಿ ಅಗಲವಾದ ಪರಾತದಲ್ಲಿ ಹರವುತ್ತಿದ್ದ. ನಾನು ಹಿಂಡಿದರೆ ಮುದ್ದೆಯಾಗುತ್ತಿತ್ತು, ಅವನು ಹಿಂಡಿದರೆ ಕಾಳು ಕಾಳಾಗಿ ಉಳಿಯುತ್ತಿತ್ತು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣದ ಒಗ್ಗರಣೆ. ಇಳಿಸುವ ಮೊದಲು ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಇದ್ದರೆ ಅರ್ಧ. ಮುಂಜಾನೆ ಇದು. ಸಂಜೆ ನೆನೆಸದ ಮಂಡಾಳಕ್ಕೆ ಹಸಿ ಉಳ್ಳಾಗಡ್ಡಿ, ನಮ್ಮವ್ವನ ಶೇಂಗಾ ಚಟ್ನಿ, ಹಸಿ ಎಣ್ಣೆ. ಅಕ್ಕಿ, ಜೋಳ ಎರಡೂ ನಿಧಾನಕ್ಕೆ ಕರಗತೊಡಗಿದವು, ಯಾಕೆಂದರೆ ಈಗ ಅನ್ನ ರೊಟ್ಟಿ ದಿನಕ್ಕೆ ಒಂದೇ ಹೊತ್ತು. ಸಂತೆಯ ಖರ್ಚೂ ಇಳಿಯಿತು. ಇಷ್ಟನ್ನು ಯಾವ ಬಿ.ಕಾಂ. ಪುಸ್ತಕವೂ ಹೇಳಿಕೊಟ್ಟಿರಲಿಲ್ಲ ಎಂದು ಮರಳಿಯವನೇ ಒಪ್ಪಿಕೊಂಡ.

ಆದರೂ ಅಷ್ಟು ಮಂಡಾಳವನ್ನು ಮೂರು ಹೊಟ್ಟೆಗಳು ಮುಗಿಸಲಾರವು. ಮೋಡ ಮುಸುಕಿದ ದಿನಗಳಲ್ಲಿ ಬಾಯಿ ಬಿಚ್ಚಿದ ಚೀಲ ಮೆತ್ತಗಾಗತೊಡಗಿತು. ಬಾಣಲೆಯಲ್ಲಿ ಬಿಸಿ ಮಾಡಿ ಗರಿಯಾಗಿಸಿ ನೋಡಿದೆವು, ಗ್ಯಾಸು ಖರ್ಚಾಯಿತು. ಆಗ ಪಕ್ಕದ ಮಾಳಿಗೆಯ ಹುಡುಗರು, ಅವರೂ ನಮ್ಮ ಹಾಗೆ ಓದಲು ಬಂದು ಕೋಣೆ ಹಿಡಿದವರು, ಒಂದು ಮುಂಜಾನೆ ಒಗ್ಗರಣೆಯ ವಾಸನೆಗೆ ಗೋಡೆಯ ಮೇಲಿಂದ ಇಣುಕಿದರು. ಇವನು ಬರ್ರಿ, ಕೂಡ್ರಿ ಎಂದ. ಮರುದಿನ ಅವರು ಬರಿಗೈಯಲ್ಲಿ ಬರಲಿಲ್ಲ, ಉಳ್ಳಾಗಡ್ಡಿ ತಂದರು. ಮತ್ತೊಂದು ಕೋಣೆಯವರು ಎಣ್ಣೆ ತಂದರು. ಯಲಬುರ್ಗಾ ಕಡೆಯ ಒಬ್ಬ ತನ್ನ ಹೊಲದ ಮೆಣಸಿನಕಾಯಿ ತಂದ. ಯಾರೂ ಇಷ್ಟಕ್ಕೆ ಇಷ್ಟು ಎಂದು ಮಾತಾಡಲಿಲ್ಲ. ಅಕ್ಕಾರು ಒಂದು ಮೊರದ ತುಂಬ ಮಂಡಾಳ ಒಯ್ದು ರೊಟ್ಟಿಯ ಕೂಲಿ ಬಿಟ್ಟರು. ಊಟದ ಹೊತ್ತಿಗೆ ಕೋಣೆ ಬಿಟ್ಟು ಹೋಗುತ್ತಿದ್ದವನು ಈಗ ಮುಂಜಾನೆ ಆ ಓಣಿಗೆಲ್ಲ ಬಡಿಸುತ್ತಿದ್ದ. ನಡುವೆ ಪುಸ್ತಕ ತೊಡೆಯ ಮೇಲಿರುತ್ತಿತ್ತು, ಅದರ ಅಂಚುಗಳೆಲ್ಲ ಅರಿಷಿಣ.

ಮರಳಿಯವನು ಒಂದು ದಿನ ರೇಟು ವಿಚಾರಿಸಿಕೊಂಡು ಬಂದ. ಕಿಲೊ ಲೆಕ್ಕ ಹಿಡಿದರೆ ಮಂಡಾಳ ಅಕ್ಕಿಗಿಂತ ತುಟ್ಟಿ. ಹಾಗಾದರೆ ಇವನ ಪಾಲು ನಮ್ಮದಕ್ಕಿಂತ ದೊಡ್ಡದಾಯಿತು, ಹೆಚ್ಚಾದದ್ದಕ್ಕೆ ಅವರ ಮನೆಗೆ ಅಕ್ಕಿ ಕಳಿಸಬೇಕು ಎಂದು ಶುರುಮಾಡಿದ. ಮೂರನೆಯವನು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಮಾತಾಗಿದ್ದು ತೂಕದ್ದು. ಈಗ ರೇಟ್ ಯಾಕ ತೆಗೀತಿ?"

ಅಲ್ಲಿಗೆ ಮುಗಿಯಿತು.

ಅವನ ಅಬ್ಬಾ ಬಂದದ್ದು ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಇರುವಾಗ. ಹೇಳಿ ಕಳಿಸಿರಲಿಲ್ಲ. ಭಟ್ಟಿಯಲ್ಲಿ ಕೆಲಸ ಹೆಚ್ಚಾಗಿ, ಮಗನನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು. ಅವರು ಮೆಟ್ಟಿಲು ಹತ್ತಿದಾಗ ಮಾಳಿಗೆಯ ಮೇಲೆ ಓಣಿಯ ಹುಡುಗರು ಸಾಲಾಗಿ ಕೂತಿದ್ದರು, ಮಗ ಪರಾತ ಹಿಡಿದು ಬಗ್ಗಿದ್ದ. ಅವರು ಒಂದು ಗಳಿಗೆ ಬಾಗಿಲಲ್ಲೇ ನಿಂತು ಒಳಗಿನ ಚೀಲಗಳನ್ನು ನೋಡಿದರು. ಅವುಗಳಲ್ಲಿ ಖಾಲಿಯಾದವು ಮಡಚಿ ಮೂಲೆಯಲ್ಲಿದ್ದವು.

"ಮಂಡಾಳ ತೂಗಿ ತಗೊಳ್ಳೋ ಮಂದೀನ ನಾ ಎಲ್ಲೂ ನೋಡಿಲ್ಲರಿ," ಎಂದರು ನಮ್ಮಿಬ್ಬರ ಕಡೆ ತಿರುಗಿ. "ನಮ್ಮ ಅಬ್ಬಾ ಸೈತ ಸೇರಿಲೆ ಅಳದಾರ. ಇವ ಬಂದು ಅರ್ಧ ಕ್ವಿಂಟಲ್ ಬೇಕಂದಾಗ ಕಾಲೇಜ್ ಕಲ್ತು ತಲಿ ಕೆಟ್ಟೈತಿ ಅಂದ್ಕೊಂಡೆ."

ನಾವು ನಕ್ಕೆವು. ಅವರೂ ನಕ್ಕರು, ಆದರೆ ಕೂಡಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಇವ ಬರೋಬ್ಬರಿ ಉಣ್ಣಾಕತ್ತಾನೇನ್ರಿ?"

ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಮರಳಿಯವನು ಯೋಚಿಸಲಿಲ್ಲ.

"ಅವನೇ ನಮಗ ಉಣ್ಣಿಸಾಕತ್ತಾನ್ರಿ ಚಾಚಾ."

ಅಬ್ಬಾ ಮಗನನ್ನು ನೋಡಿದರು. ಮಗ ಪರಾತವನ್ನು ನೋಡುತ್ತಿದ್ದ. ಯಾರೋ ಒಬ್ಬ ಹುಡುಗ ಎದ್ದು ಅವರಿಗೆ ಜಾಗ ಬಿಟ್ಟ. ಅವರು ಕೂತು, ತಮ್ಮದೇ ಭಟ್ಟಿಯ ಮಂಡಾಳದ ಒಗ್ಗರಣೆಯನ್ನು ಬೇರೆ ಯಾರದೋ ಮನೆಯದೆಂಬಂತೆ ನಿಧಾನವಾಗಿ ತಿಂದರು. ಉಪ್ಪು ತುಸು ಕಡಿಮೆ ಎಂದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಹಿಂದೆ ತಿರುಗದೆ ಹೇಳಿದರು: "ಪರೀಕ್ಷಾ ಮುಗಿಯೋತನ ಇರು. ಭಟ್ಟಿ ಎಲ್ಲಿ ಓಡಿ ಹೋಗ್ತದ?"

ಮರಳಿಯವನ ಪ್ರಕಾರ ಅವರು ಕೋಣೆಗೆ ಬಂದೇ ಇಲ್ಲ, ಈ ಮಾತು ನಡೆದದ್ದು ಬಸ್ ಸ್ಟ್ಯಾಂಡಿನಲ್ಲಿ. ಮಗನ ಪ್ರಕಾರ ಬಂದಿದ್ದರು, ಆದರೆ ಉಪ್ಪು ಕಡಿಮೆ ಎಂದಿರಲಿಲ್ಲ, ಹೆಚ್ಚು ಎಂದಿದ್ದರು. ಅವನು ಪರೀಕ್ಷೆ ಬರೆದ, ಪಾಸಾದ, ಈಗ ಯಲಬುರ್ಗಾ ತಾಲ್ಲೂಕಿನಲ್ಲಿ ಸಾಲಿ ಮಾಸ್ತರ. ಇದಕ್ಕೆ ಮೂವರ ಒಪ್ಪಿಗೆಯೂ ಇದೆ.

ನನ್ನನ್ನು ಕೊರೆಯತೊಡಗಿದ್ದು ಬೇರೆ ಸಂಗತಿ, ಅದೂ ಬಹಳ ವರ್ಷಗಳ ಮೇಲೆ. ನಮ್ಮ ಅಕ್ಕಿ, ಜೋಳ ಕಾಟಾದ ಮೇಲೆ ಹತ್ತಿ ಇಳಿದು ಬಂದವು. ಅವನ ಮಂಡಾಳವನ್ನು ನಾವಿಬ್ಬರೂ ತೂಗಲಿಲ್ಲ. ಚೀಲ ಇಳಿಸುವಾಗ ಬರೋಬ್ಬರಿ ಐತಿ ಎಂದು ಅವನೇ ಹೇಳಿದ್ದು, ಅಷ್ಟೇ ಆಧಾರ. ಊಟಕ್ಕೆ ರೊಕ್ಕ ಕೊಡಲಾಗದ ಮನೆ ಅಕ್ಕಿಗಿಂತ ತುಟ್ಟಿಯಾದದ್ದನ್ನು ಅರ್ಧ ಕ್ವಿಂಟಲ್ ಎತ್ತಿ ಕೊಟ್ಟೀತೆ? ಸೇರಿನಲ್ಲೇ ಅಳೆದು ಬದುಕಿದ ಭಟ್ಟಿಯಲ್ಲಿ ಅಷ್ಟು ದೊಡ್ಡ ತಕ್ಕಡಿ ಎಲ್ಲಿತ್ತು? ಅಮ್ಮಿ ಕಣ್ಣಳತೆಯಲ್ಲಿ ತುಂಬಿ, ಮಗನ ಮುಖ ಉಳಿಯಲಿ ಎಂದು ಕಳಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೂ ಅವನ ಮೇಲಿನ ಪ್ರೀತಿಗೆ ಏನೂ ಕಮ್ಮಿಯಾಗುತ್ತಿರಲಿಲ್ಲ. ಆದರೆ ಅನುಮಾನ ಅಂಥದ್ದನ್ನೆಲ್ಲ ಕೇಳುವುದಿಲ್ಲ. ಒಮ್ಮೆ ಫೋನಿನಲ್ಲಿ ಅವನಿಗೇ ಹೇಳಿಬಿಟ್ಟೆ.

ಅವನು ಸಿಟ್ಟಾಗಲಿಲ್ಲ. "ನಾನೂ ಅಣ್ಣನೂ ಬಾಜೂಕಿನ ಗೊಬ್ಬರದ ಅಂಗಡಿಯಾಗ ತೂಗಿಸಿವಿ. ಐದು ಚೀಲಕ್ಕ ಐವತ್ತು ಕಿಲೊ. ನಂಬದಿದ್ರ ಬಂದು ತೂಗಿ ನೋಡಲೇ," ಎಂದ.

ಕಳೆದ ಚಳಿಗಾಲ ಹೋದೆ. ಸಾಲಿಗೆ ರಜೆ ಇದ್ದ ದಿನ ಅವನೂ ಗಂಗಾವತಿಗೆ ಬಂದ. ಭಟ್ಟಿ ಈಗ ಅಣ್ಣನದು. ಅಬ್ಬಾ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಗುರುತು ಹತ್ತಲು ತುಸು ಹೊತ್ತು ಹಿಡಿಯಿತು, ತೂಕದವನು ಎಂದಾಗ ನಕ್ಕರು. ಗೋಡೆಯ ಬದಿಗೆ ಅಂಥವೇ ಚೀಲಗಳು ನಿಂತಿದ್ದವು, ಎರಡು ಅಕ್ಕಿಚೀಲ ಬಿಚ್ಚಿ ಜೋಡಿಸಿದವು. ನಾನು ಅಮ್ಮಿಯನ್ನು ಕೇಳಿದೆ, ಮೊದಲೂ ಇಷ್ಟೇ ದೊಡ್ಡ ಚೀಲವೇ ಎಂದು. ಅಳತೆ ಯಾಕೆ ಬದಲಾಗುತ್ತದೆ, ಹೊಲಿಯುವವಳು ನಾನೇ ಅಲ್ಲವೇ ಎಂದರು. ಕೊಪ್ಪಳದಿಂದ ವಾಪಸ್ಸು ಬಂದ ಖಾಲಿ ಚೀಲಗಳು ಎಷ್ಟು ಎಂದೂ ಕೇಳಿದೆ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದರು.

ತುಂಬಿದ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ಗೊಬ್ಬರದ ಅಂಗಡಿಗೆ ಹೋದೆವು. ಗಾಳಿ ಇತ್ತು, ನನ್ನನ್ನು ಅರ್ಧ ಸುತ್ತು ತಿರುಗಿಸಿತು. ಅಂಗಡಿಯವರು ಕಾಟಾದ ಮೇಲಿನ ಧೂಳು ಒರೆಸುತ್ತ ಮಂಡಾಳ ಯಾರು ತೂಗುತ್ತಾರ್ರಿ ಎಂದರು. ಚೀಲ ಇಟ್ಟೆವು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಅತ್ತಿತ್ತ ಓಲಾಡಿ ನಿಂತವು. ನಾನು ಸುಮ್ಮನಾಗಲಿಲ್ಲ. ಖಾಲಿ ಚೀಲ ತರಿಸಿ ಅದನ್ನೂ ತೂಗಿಸಿ, ಮೊದಲಿನದರಿಂದ ಕಳೆದೆ. ಗೆಳೆಯ ಬಾಗಿಲಿಗೆ ಒರಗಿಕೊಂಡು ಚಹಾ ಕುಡಿಯುತ್ತಿದ್ದ, ಈ ಕಡೆ ನೋಡಲೂ ಇಲ್ಲ.

ಹತ್ತು ಕಿಲೊ, ಮೇಲೆ ಒಂದು ಹಿಡಿ.